ಚಿರತೆ ಹಲ್ಲಿಯ ಊಟದ ಲೆಕ್ಕ

2010ರಲ್ಲಿ ಅಮೆರಿಕದ ಸಾಕುಪ್ರಾಣಿ ಅಂಗಡಿಗಳಿಗೆ ಒಂದು ವಿಚಿತ್ರ ಬರ ಬಂತು. ನಾಯಿಯ ಬಿಸ್ಕತ್ತಿಗೆ ಕೊರತೆಯಿರಲಿಲ್ಲ, ಅಕ್ವೇರಿಯಮ್ಮಿನ ಮೀನಿಗೂ ಇರಲಿಲ್ಲ. ಸಿಗದೆ ಹೋದದ್ದು ಚಿಮ್ಮಂಡೆ. ರಾತ್ರಿ ಬಚ್ಚಲುಮನೆಯ ಸಂದಿಯಲ್ಲಿ ಕೂತು ಚಿರ್ರೆನ್ನುವ ಕಂದು ಹುಳು. ಕೆಲವು ಕಡೆ ಇದನ್ನೂ ಜೀರುಂಡೆ ಎಂದೇ ಕರೆಯುತ್ತಾರೆ. ಇಂಗ್ಲಿಷ್ ಹೆಸರು ಬರೆದರೆ ಓದುಗರಿಗೆ ಬ್ಯಾಟು ಬಾಲಿನ ಆಟವೇ ನೆನಪಾಗುವುದರಿಂದ ಚಿಮ್ಮಂಡೆ ಎಂದೇ ಇಟ್ಟುಕೊಳ್ಳುತ್ತೇನೆ. ಹಲ್ಲಿ, ಓತಿ, ಕಪ್ಪೆ, ಜೇಡ ಸಾಕಿದವರು ಅಂಗಡಿಯಿಂದ ಅಂಗಡಿಗೆ ಅಲೆದರು. ಹತ್ತಾರು ವರ್ಷಗಳಿಂದ ವಾರಕ್ಕೆ ಲಕ್ಷಗಟ್ಟಲೆ ಹುಳು ಕಳಿಸುತ್ತಿದ್ದ ಫಾರ್ಮುಗಳಲ್ಲಿ ಮರಿಗಳು ದೊಡ್ಡವಾಗುವ ಹೊತ್ತಿಗೆ ಅಂಗಾತ ಬಿದ್ದು ಸಾಯುತ್ತಿದ್ದವು. ಫ್ಲೋರಿಡಾದ ಒಂದು ದೊಡ್ಡ ಫಾರ್ಮು ದಿವಾಳಿಯಾಯಿತು.

ಇದನ್ನು ನಾನು ಓದಲು ಕಾರಣ ಓಹಾಯೊದಲ್ಲಿರುವ ನನ್ನ ಅಕ್ಕ. ಒಂಬತ್ತು ವರ್ಷದ ಮಗ ಹಟ ಹಿಡಿದು ಒಂದು ಲೆಪರ್ಡ್ ಗೆಕ್ಕೊ, ಅಂದರೆ ಚಿರತೆಯಂತೆ ಚುಕ್ಕೆಯಿರುವ ಹಲ್ಲಿ, ತರಿಸಿಕೊಳ್ಳುವವನಿದ್ದ. ಗಾಜಿನ ಪೆಟ್ಟಿಗೆ, ಬಿಸಿ ಕೊಡುವ ಚಾಪೆ, ಅಡಗಿಕೊಳ್ಳಲು ಗೂಡು ಎಲ್ಲ ಬಂದಿತ್ತು. "ನೀನು ಹುಳುವಿನ ಮೇಲೇ ತಾನೆ ಪಿಎಚ್‌ಡಿ ಮಾಡ್ತಿರೋದು? ತಿಂಗಳಿಗೆ ಎಷ್ಟು ಹುಳು ಬೇಕು, ಎಲ್ಲಿಂದ ತರಿಸ್ಬೇಕು, ಒಂದು ಲೆಕ್ಕ ಹಾಕಿಕೊಡು" ಅಂದಳು. ನನ್ನ ಸಂಶೋಧನೆ ಹಳೇ ಮೈಸೂರು ಸೀಮೆಯ ರೇಷ್ಮೆ ಸಾಕಣೆಯ ಚರಿತ್ರೆ. ನಾನು ನೋಡಿರುವ ಹುಳುಗಳು ಕಡತದವು. ಆದರೂ ಲೆಕ್ಕಕ್ಕೆ ಕೂತೆ. ಎರಡು ದಿನದಲ್ಲಿ ಮುಗಿಯಬೇಕಿದ್ದದ್ದು ಎರಡು ತಿಂಗಳಾಯಿತು. ಈ ಹಲ್ಲಿಯ ಊಟದ ತಟ್ಟೆಯ ಹಿಂದೆ ಅಷ್ಟು ಉದ್ದದ ಚರಿತ್ರೆ ಇದೆ.

ಮೊದಲು ಹಲ್ಲಿಯ ವಿಷಯ. 1854ರಲ್ಲಿ ಎಡ್ವರ್ಡ್ ಬ್ಲೈತ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಅವನು ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಮ್ಮಿನ ಕ್ಯುರೇಟರ್. ಮಾದರಿ ಬಂದದ್ದು ಪಂಜಾಬಿನ ಸಾಲ್ಟ್ ರೇಂಜ್ ಬೆಟ್ಟಸಾಲಿನಿಂದ. ಇಂದು ಅದು ಪಾಕಿಸ್ತಾನದಲ್ಲಿದೆ. 1849ರಲ್ಲಿ ಪಂಜಾಬು ಕಂಪನಿ ಸರಕಾರದ ಕೈಗೆ ಬಂತು, ಐದು ವರ್ಷದಲ್ಲಿ ಅಲ್ಲಿನ ಹಲ್ಲಿಗೂ ಲ್ಯಾಟಿನ್ ಹೆಸರು ಬಂತು. ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ಕಲ್ಲುಗುಡ್ಡಗಳು ಇದರ ನೆಲೆ. ನಮ್ಮ ಗೋಡೆಯ ಹಲ್ಲಿಗಿಲ್ಲದ ರೆಪ್ಪೆ ಇದಕ್ಕಿದೆ, ಇದು ಕಣ್ಣು ಮುಚ್ಚಿ ಮಲಗಬಲ್ಲದು. ಗೋಡೆಗೆ ಅಂಟುವ ಬೆರಳಿಲ್ಲ, ಹಾಗಾಗಿ ನೆಲದ ಮೇಲೇ ಸಂಸಾರ. ಕೊಬ್ಬು ಕೂಡಿಡುವುದು ದಪ್ಪ ಬಾಲದಲ್ಲಿ. ಉತ್ತರದ ಜನ ಇಂಥ ಪ್ರಾಣಿಗಳನ್ನು ಬಿಸ್‌ಖೋಪ್ರಾ ಎಂದು ಕರೆದು, ಕಚ್ಚಿದರೆ ಬದುಕಿಲ್ಲ ಎಂದು ಹೆದರುತ್ತಿದ್ದರು. ನಮ್ಮಲ್ಲಿ ಪಾಪದ ಹಾವುರಾಣಿಗೆ ವಿಷ ಕಟ್ಟಿದ ಹಾಗೇ. ವಿಷವಿಲ್ಲ. ಸಾಧು ಪ್ರಾಣಿ, ಸರಿಯಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ. ಇದೇ ಗುಣಗಳಿಂದಾಗಿ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದಲ್ಲೂ ಯುರೋಪಿನಲ್ಲೂ ಮನೆಯಲ್ಲೇ ಮರಿ ಮಾಡಿಸಿ ಮಾರುವ ದೊಡ್ಡ ವ್ಯಾಪಾರ ಬೆಳೆಯಿತು. ಇಂದು ಅಲ್ಲಿ ಮಾರಾಟವಾಗುವ ಮರಿಗೂ ಸಾಲ್ಟ್ ರೇಂಜಿಗೂ ಹಲವು ತಲೆಮಾರುಗಳ ದೂರ.

ಕಾಡಿನಲ್ಲಿ ಇದು ಸಿಕ್ಕಿದ್ದೆಲ್ಲ ತಿನ್ನುತ್ತದೆ: ದುಂಬಿ, ಮಿಡತೆ, ಜೇಡ, ಚೇಳು. ಗಾಜಿನ ಪೆಟ್ಟಿಗೆಗೆ ಬಂದ ಮೇಲೆ ಆಹಾರ ಎರಡೇ ಹೆಸರಿಗೆ ಇಳಿಯಿತು, ಚಿಮ್ಮಂಡೆ ಮತ್ತು ಹಿಟ್ಟಿನ ಹುಳು. ಯಾಕೆ ಇವೆರಡೇ? ಹಲ್ಲಿಗೆ ಇವೇ ಉತ್ತಮ ಎಂದು ಯಾರೋ ಪರೀಕ್ಷೆ ಮಾಡಿ ನಿರ್ಧರಿಸಿದ್ದಲ್ಲ. ಬೇರೆ ಯಾವುದೋ ಪ್ರಾಣಿಗಾಗಿ ಇವನ್ನು ಆಗಲೇ ಸಾಕುತ್ತಿದ್ದರು, ಅಷ್ಟೇ. ಹಲ್ಲಿ ಬಂದು ಪಂಕ್ತಿಯಲ್ಲಿ ಕೂತದ್ದು ಆಮೇಲೆ.

ಹಿಟ್ಟಿನ ಹುಳುವನ್ನು, ಅಂಗಡಿಯ ಭಾಷೆಯ ಮೀಲ್‌ವರ್ಮನ್ನು, ಮೊದಲು ಸಾಕಿದ್ದು ಹಾಡುವ ಹಕ್ಕಿಗಾಗಿ. ಉಗ್ರಾಣದ ಹಿಟ್ಟು, ತೌಡಿನಲ್ಲಿ ಬೀಳುವ ಕಪ್ಪು ದುಂಬಿಯ ಮರಿ ಇದು. ಧಾನ್ಯದ ವ್ಯಾಪಾರಿಗೆ ಶನಿ. ಆದರೆ ಪಂಜರದಲ್ಲಿಟ್ಟ ನೈಟಿಂಗೇಲ್ ಕಾಳು ಮುಟ್ಟುವುದಿಲ್ಲ, ಅದಕ್ಕೆ ಜೀವಂತ ಹುಳುವೇ ಬೇಕು. ಜರ್ಮನಿಯ ಬೆಖ್‌ಸ್ಟೈನ್ 1795ರಲ್ಲಿ ಪಂಜರದ ಹಕ್ಕಿಗಳ ಮೇಲೆ ಬರೆದ ಪುಸ್ತಕದಲ್ಲಿ ನೈಟಿಂಗೇಲಿಗೆ ಹಿಟ್ಟಿನ ಹುಳುವೂ ಇರುವೆಯ 'ಮೊಟ್ಟೆ'ಯೂ (ಅದು ನಿಜಕ್ಕೂ ಕೋಶ) ಊಟ. ಚಳಿಗಾಲದ ಯುರೋಪಿನಲ್ಲಿ ಹಕ್ಕಿ ಹಾಡಬೇಕಾದರೆ ಮಡಕೆಯಲ್ಲಿ ಹುಳು ಬೆಳೆಯಲೇಬೇಕಿತ್ತು. ಇಂದಿನ ಪ್ಲಾಸ್ಟಿಕ್ ಡಬ್ಬಿಯ ಮೂಲಪುರುಷ ಆ ಮಡಕೆ.

ಚಿಮ್ಮಂಡೆಯ ದಾರಿ ಇನ್ನೂ ಸುತ್ತಿನದು. ಇದನ್ನು ಹಿಡಿದು ಸಾಕುವ ಕಲೆ ಚೀನಾದಲ್ಲಿ ಬಹಳ ಹಳೆಯದು. 13ನೇ ಶತಮಾನದ ಸೋಂಗ್ ಮಂತ್ರಿ ಜಿಯಾ ಸಿದಾವೊನ ಹೆಸರಿನಲ್ಲಿ ಚಿಮ್ಮಂಡೆಯ ಕೈಪಿಡಿಯೊಂದಿದೆ. ಆದರೆ ಅಲ್ಲಿ ಚಿಮ್ಮಂಡೆ ಜಟ್ಟಿ ಅಥವಾ ಗಾಯಕ, ಯಾರ ಊಟವೂ ಅಲ್ಲ. ಇಂದು ಅಂಗಡಿಯಲ್ಲಿ ಸಿಗುವ ಮನೆ ಚಿಮ್ಮಂಡೆ, ಅಕೆಟಾ ಡೊಮೆಸ್ಟಿಕಸ್, ಬೇರೆ ಜಾತಿ. ಅದರ ಮೂಲ ನೈಋತ್ಯ ಏಷ್ಯಾ ಎನ್ನುತ್ತಾರೆ. ಮನುಷ್ಯನ ಬೆಚ್ಚನೆಯ ಗೋಡೆಗಳ ಜೊತೆ ಯುರೋಪಿಗೆ ಹೋಯಿತು. ಹಿಮ ಬೀಳುವ ಊರಿನಲ್ಲೂ ಬ್ರೆಡ್ ಸುಡುವವರ ಭಟ್ಟಿಯ ಹಿಂದೆ, ಅಡುಗೆಯ ಒಲೆಯ ಸಂದಿಯಲ್ಲಿ ಬದುಕಿತು. ಗಿಲ್ಬರ್ಟ್ ವೈಟ್ 1789ರ ತನ್ನ ಸೆಲ್ಬೋರ್ನ್ ಪುಸ್ತಕದಲ್ಲಿ ಈ ಒಲೆಯ ಒಕ್ಕಲನ್ನು ವಿವರವಾಗಿ ನೋಡಿ ಬರೆದಿದ್ದಾನೆ. ನೋಡಿ, ಹಲ್ಲಿಯೂ ಅದರ ಊಟವೂ ಹೆಚ್ಚುಕಮ್ಮಿ ಒಂದೇ ಕಡೆಯವು. ಒಂದು ಪಡುವಣಕ್ಕೆ ಒಲೆಯ ಬಿಸಿ ಹಿಡಿದು ಹೋಯಿತು, ಇನ್ನೊಂದು ಮ್ಯೂಸಿಯಮ್ಮಿನ ಹೆಸರು ಹೊತ್ತು ಹೋಯಿತು. ಎರಡೂ ಓಹಾಯೊದ ಒಂದು ಪೆಟ್ಟಿಗೆಯಲ್ಲಿ ಭೇಟಿಯಾಗುತ್ತವೆ.

ನಡುವೆ ಅವನ್ನು ಸೇರಿಸಿದ್ದು ಮೀನು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕೆರೆ ಹೊಳೆಗಳ ದಂಡೆಯಲ್ಲಿ ಗಾಳ ಹಾಕುವವರಿಗೆ ಚಿಮ್ಮಂಡೆ ಒಳ್ಳೆಯ ಎರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲೂಸಿಯಾನಾ, ಜಾರ್ಜಿಯಾ ಕಡೆ ಅದಕ್ಕೆಂದೇ ಫಾರ್ಮುಗಳು ಎದ್ದವು. ಆರ್ಮ್‌ಸ್ಟ್ರಾಂಗ್ ಕುಟುಂಬದ್ದು 1947ರಲ್ಲಿ, ಫ್ಲೂಕರ್ ಕುಟುಂಬದ್ದು 1953ರಲ್ಲಿ. ಬೆಚ್ಚಗಿನ ಕೋಣೆ, ಕೋಳಿಮೇವಿನಂಥ ಹಿಟ್ಟು, ಅಡಗಲು ಮೊಟ್ಟೆಯ ಟ್ರೇ, ಮೊಟ್ಟೆಯಿಡಲು ಒದ್ದೆ ಮಣ್ಣಿನ ತಟ್ಟೆ, ಇಷ್ಟೇ ಬಂಡವಾಳ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಇದ್ದರೆ ಆರರಿಂದ ಎಂಟು ವಾರದಲ್ಲಿ ಮೊಟ್ಟೆಯಿಂದ ದೊಡ್ಡ ಹುಳು. ಹಲ್ಲಿ ಸಾಕುವ ಹುಚ್ಚು ಹಬ್ಬಿದಾಗ ಈ ಫಾರ್ಮುಗಳಿಗೆ ಎರಡನೇ ಗಿರಾಕಿ ಸಿಕ್ಕಿದ. ಗಾಳ ಹಾಕುವವನು ಋತು ನೋಡಿ ಬರುತ್ತಾನೆ. ಹಲ್ಲಿಗೆ ವರ್ಷವಿಡೀ ಹಸಿವು. ರಟ್ಟಿನ ಪೆಟ್ಟಿಗೆಯಲ್ಲಿ ಸಾವಿರ ಸಾವಿರ ಚಿಮ್ಮಂಡೆ ಅಂಚೆಯಲ್ಲಿ ಹೊರಟವು.

ಒಂದೇ ಜಾತಿ, ಒಂದೇ ಸೂರು, ಒಂದರ ಮೇಲೊಂದು ಲಕ್ಷಾಂತರ. ರೇಷ್ಮೆಯ ಕಡತ ಓದಿದವರಿಗೆ ಇಲ್ಲಿಂದ ಮುಂದೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಚಿಮ್ಮಂಡೆಯ ಆ ರೋಗಕ್ಕೆ ಕಾರಣ ಡೆನ್ಸೊವೈರಸ್ ಎಂಬ ಬಹಳ ಚಿಕ್ಕ ವೈರಸ್. ಮನುಷ್ಯನಿಗೆ, ಹಲ್ಲಿಗೆ ಅದರಿಂದ ತೊಂದರೆಯಿಲ್ಲ. 2010ರಲ್ಲಿ ಅದು ಹೊಸದೂ ಆಗಿರಲಿಲ್ಲ. 1977ರಲ್ಲೇ ಸ್ವಿಟ್ಜರ್ಲೆಂಡಿನ ಒಂದು ಸಾಕಣೆ ಕೇಂದ್ರದ ಚಿಮ್ಮಂಡೆಗಳಲ್ಲಿ ಇದನ್ನು ಗುರುತಿಸಿದ್ದರು. 2002ರ ಹೊತ್ತಿಗೆ ಯುರೋಪಿನ ಫಾರ್ಮುಗಳನ್ನು ಹಿಂಡಿತು. 2009ರಲ್ಲಿ ಉತ್ತರ ಅಮೆರಿಕ ತಲುಪಿತು. ಮೂವತ್ತು ವರ್ಷಗಳ ಎಚ್ಚರಿಕೆ ಇತ್ತು. ಆದರೂ ವ್ಯಾಪಾರ ಒಂದೇ ಜಾತಿಯ ಮೇಲೆ ನಿಂತಿತ್ತು. ಪತ್ರಿಕೆಗಳು ಆಗ ಇದನ್ನು ನಿಗೂಢ ವೈರಸ್ಸಿನ ಕತೆಯಾಗಿ ಬರೆದವು. ನನಗೆ ಅದು ಅರ್ಧ ಕತೆ ಎನಿಸುತ್ತದೆ. ಒಲೆಯ ಸಂದಿಯಲ್ಲಿ ಹತ್ತು ಹುಳು ಇದ್ದಾಗ ಈ ವೈರಸ್ಸಿಗೆ ಮಾಡಲು ಹೆಚ್ಚು ಕೆಲಸವಿಲ್ಲ. ಅದಕ್ಕೆ ಅಷ್ಟು ಜನಸಂದಣಿ ಒದಗಿಸಿದ್ದು ಫಾರ್ಮು, ಊರಿಂದೂರಿಗೆ ಸಾಗಿಸಿದ್ದು ಮೊಟ್ಟೆಯ ಟ್ರೇ.

ರಾಮನಗರದ ಕಡೆಯ ರೈತನಿಗೆ ಈ ಮಾತು ಹೊಸದಲ್ಲ. ಹುಳು ಮನೆಗೆ ಹೊರಗಿನವರನ್ನು ಸುಮ್ಮನೆ ಬಿಡುವುದಿಲ್ಲ, ಒಂದು ಬೆಳೆ ಮುಗಿದ ಮೇಲೆ ತಟ್ಟೆ, ಚಂದ್ರಿಕೆ ತೊಳೆದು ಮದ್ದು ಹೊಡೆಯದೆ ಇನ್ನೊಂದು ಚಾಕಿ ಇಡುವುದಿಲ್ಲ. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟು ಎಂದು ರೋಗಗಳಿಗೆ ಕನ್ನಡದಲ್ಲಿ ಹೆಸರಿರುವುದೇ ಆ ಅನುಭವದಿಂದ. ಈ ಸುಣ್ಣಕಟ್ಟಿಗೆ ಒಂದು ಬೂಷ್ಟು ಕಾರಣ ಎಂದು ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ತೋರಿಸಿದ. ಸೂಕ್ಷ್ಮಜೀವಿಯಿಂದ ರೋಗ ಬರುತ್ತದೆ ಎಂದು ಪ್ರಾಣಿಯೊಂದರಲ್ಲಿ ಖಚಿತವಾಗಿ ತೋರಿಸಿದ ಮೊದಲ ಸಂದರ್ಭಗಳಲ್ಲಿ ಅದೊಂದು. ಗಂಟುರೋಗ ಫ್ರಾನ್ಸಿನ ರೇಷ್ಮೆಯನ್ನು ನೆಲಕಚ್ಚಿಸಿದಾಗ 1865ರಲ್ಲಿ ಲೂಯಿ ಪಾಶ್ಚರ್ ಅಲೇಸ್ ಊರಿಗೆ ಹೋಗಿ ಕೂತ. ಅವನು ಕಂಡುಕೊಂಡ ಉಪಾಯ ಔಷಧವಲ್ಲ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು. ರೋಗದ ಕಣ ಕಂಡರೆ ಆ ಮೊಟ್ಟೆ ಎಸೆ. ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿಚಿಟ್ಟೆ ಪರೀಕ್ಷೆ ನಡೆಯುತ್ತದೆ. ಹೀಗಿದ್ದೂ 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳ ಜೊತೆ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು, ಮತ್ತೆ ಹೋಗಲಿಲ್ಲ. ಸರಕಿನ ಜೊತೆ ರೋಗವೂ ಟಿಕೆಟ್ ಇಲ್ಲದೆ ಬರುತ್ತದೆ ಎಂಬುದಕ್ಕೆ ನನ್ನ ಪ್ರಬಂಧದಲ್ಲಿ ಒಂದು ಇಡೀ ಅಧ್ಯಾಯವಿದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಅಮೆರಿಕದ ಫಾರ್ಮುಗಳು ಏನು ಮಾಡಿದವು? ಕೆಲವರು ಎಲ್ಲವನ್ನೂ ಸುಟ್ಟು, ತೊಳೆದು, ಮತ್ತೆ ಮನೆ ಚಿಮ್ಮಂಡೆಯನ್ನೇ ತಂದರು. ಹಲವರು ಈ ವೈರಸ್ಸಿಗೆ ಬಗ್ಗದ ಜಾತಿ ಹುಡುಕಿದರು. ಹೊಟ್ಟೆಯ ಮೇಲೆ ಪಟ್ಟೆಯಿರುವ ಚಿಮ್ಮಂಡೆಯೊಂದು ಹೀಗೆ ಜನಪ್ರಿಯವಾಯಿತು. ಯುರೋಪಿನಲ್ಲಿ ಸಾಮಾನ್ಯವಾದ ಎರಡು ಚುಕ್ಕೆಯ ಕಪ್ಪು ಚಿಮ್ಮಂಡೆಯೂ ವೈರಸ್ಸಿಗೆ ಬಗ್ಗುವುದಿಲ್ಲ. ಆದರೆ ಹೊಲಕ್ಕಿಳಿದರೆ ಬೆಳೆಗೆ ಕೇಡು ಎಂಬ ಭಯದಿಂದ ಅಮೆರಿಕದ ಕೃಷಿ ಇಲಾಖೆ ಅದಕ್ಕೆ ಬಾಗಿಲು ತೆರೆಯಲಿಲ್ಲ. ಗಡಿಬಿಡಿಯಲ್ಲಿ ಯಾರು ಏನು ಮಾರುತ್ತಿದ್ದಾರೆ ಎಂಬುದೇ ಗೊಂದಲವಾಯಿತು. ಡೇವಿಡ್ ವೈಸ್‌ಮನ್ ಮತ್ತು ಸಂಗಡಿಗರು ಅಂಗಡಿಗಳಲ್ಲಿ ಸಿಗುವ ಚಿಮ್ಮಂಡೆಗಳನ್ನು ಕೊಂಡು ಪರೀಕ್ಷಿಸಿ 2012ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಒಂದು ಹೊಸ ಜಾತಿಗೆ ನಾಮಕರಣವೂ ಆಯಿತು: ಗ್ರಿಲಸ್ ಲೊಕೊರೊಹೊ. ಸ್ಪ್ಯಾನಿಷಿನಲ್ಲಿ 'ಹುಚ್ಚು ಕೆಂಪು' ಎಂದರ್ಥ. ಬೆಟ್ಟ ಕಾಡು ಅಲೆದು ಕಂಡುಹಿಡಿದ ಜಾತಿಯಲ್ಲ, ಹಲ್ಲಿಯ ಊಟವಾಗಿ ಮಾರುತ್ತಿದ್ದ ಡಬ್ಬಿಯಲ್ಲಿ ಸಿಕ್ಕ ಜಾತಿ. ಬ್ಲೈತನ ಕಾಲದಲ್ಲಿ ಮ್ಯೂಸಿಯಂ ಹಲ್ಲಿಗೆ ಹೆಸರಿಡುತ್ತಿತ್ತು. ಈಗ ಹಲ್ಲಿಯ ಎಂಜಲಿಗೂ ಹೆಸರಿಡುವ ಕಾಲ ಬಂತು ಎಂದು ನಾನೂ ನನ್ನ ಗೆಳತಿಯೂ ನಕ್ಕಿದ್ದೆವು.

ಎಷ್ಟು ಹುಳು ಎಂಬ ಲೆಕ್ಕದಷ್ಟೇ ಮುಖ್ಯವಾದ ಇನ್ನೊಂದು ಲೆಕ್ಕ ಇದೆ, ಸುಣ್ಣದ್ದು. ಮೂಳೆ ಗಟ್ಟಿಯಾಗಲು ತಿನ್ನುವುದರಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರಬೇಕು. ಹುಳುವಿಗೆ ನಮ್ಮಂತೆ ಸುಣ್ಣದ ಮೂಳೆಯಿಲ್ಲ, ಆದ್ದರಿಂದ ಲೆಕ್ಕ ತಲೆಕೆಳಗು. ಮಾರ್ಕ್ ಫಿಂಕಿ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ದೊಡ್ಡ ಮನೆ ಚಿಮ್ಮಂಡೆಯಲ್ಲಿ ಒಂದು ಪಾಲು ಕ್ಯಾಲ್ಸಿಯಮ್ಮಿಗೆ ಸುಮಾರು ಏಳು ಪಾಲು ರಂಜಕ. ಹಿಟ್ಟಿನ ಹುಳುವಿನಲ್ಲಿ ಒಂದಕ್ಕೆ ಹದಿನೇಳರ ಹತ್ತಿರ, ಕೊಬ್ಬೂ ಚಿಮ್ಮಂಡೆಯ ಇಮ್ಮಡಿ. ಹೊಟ್ಟೆ ತುಂಬ ಇಂಥ ಹುಳು ತಿಂದ ಹಲ್ಲಿಯೂ ಕೆಲವೇ ತಿಂಗಳಲ್ಲಿ ದವಡೆ ಮೆತ್ತಗಾಗಿ, ಕಾಲು ಸೊಟ್ಟಗಾಗಿ ತೆವಳುತ್ತದೆ. ಹಿಂದೆಲ್ಲ ಸಾಕಿದ ಹಲ್ಲಿಗಳು ಹೀಗೆ ಸಾಯುವುದು ಮಾಮೂಲಿಯಾಗಿತ್ತು. ಮೇರಿ ಆ್ಯಲನ್ ಮತ್ತು ಒಲಾವ್ ಆಫ್ಟೆಡಾಲ್ 1989ರಲ್ಲಿ ತೋರಿಸಿದ್ದು ಸರಳ ಸಂಗತಿ: ಚಿಮ್ಮಂಡೆಗೇ ಒಂದೆರಡು ದಿನ ಹೆಚ್ಚು ಕ್ಯಾಲ್ಸಿಯಂ ಇರುವ ಹಿಟ್ಟು ತಿನ್ನಿಸಿದರೆ ಅದರ ಹೊಟ್ಟೆಯಲ್ಲಿರುವ ಹಿಟ್ಟಿನಿಂದಲೇ ಲೆಕ್ಕ ಸರಿಹೋಗುತ್ತದೆ. ಇದರ ಜೊತೆ ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರುವುದೂ ರೂಢಿಗೆ ಬಂತು. ವಿಟಮಿನ್ ಡಿ ಇರುವ ಪುಡಿಯನ್ನು ಮಾತ್ರ ಅಳತೆಯಲ್ಲಿ. ಅಂದರೆ ಹಲ್ಲಿ ಸಾಕುವವರು ಎರಡು ಪ್ರಾಣಿ ಸಾಕುತ್ತಾರೆ. ಚಿಮ್ಮಂಡೆಗೆ ಒಣ ಮೊಟ್ಟೆ ಟ್ರೇ ಕೊಟ್ಟು ಮರೆತುಬಿಡುವ ಮನೆಯಲ್ಲಿ ಹಲ್ಲಿ ತಿನ್ನುವುದು ಖಾಲಿ ಚೀಲ.

ಅಕ್ಕನಿಗೆ ನಾನು ಬರೆದು ಕಳಿಸಿದ್ದು ಇಷ್ಟು. ಮರಿಯಾಗಿರುವಾಗ ದಿನಾ ಊಟ, ಹುಳು ಅದರ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದಪ್ಪ ಇರಬಾರದು. ದೊಡ್ಡದಾದ ಮೇಲೆ ಎರಡು ದಿನಕ್ಕೊಮ್ಮೆ ಆರೆಂಟು ಹುಳು, ಅಂದರೆ ವಾರಕ್ಕೆ ಸುಮಾರು 25. ಮರಿ ಬೆಳೆಯುತ್ತಿದ್ದಂತೆ ಹುಳುವಿನ ಅಳತೆಯೂ ಬದಲಾಗುವುದರಿಂದ ಅಗ್ಗ ಎಂದು ಮೊದಲೇ ಸಾವಿರ ಚಿಮ್ಮಂಡೆ ತರಿಸಬೇಡ; ಅರ್ಧ ಸಾಯುತ್ತವೆ, ಉಳಿದರ್ಧ ಹಲ್ಲಿಗಿಂತ ಬೇಗ ಬೆಳೆಯುತ್ತವೆ. ಹದಿನೈದು ದಿನಕ್ಕೆ ಸಾಲುವಷ್ಟು ಸಾಕು. ನೀರಿನ ಬಟ್ಟಲಿಟ್ಟರೆ ಅವು ಮುಳುಗುತ್ತವೆ, ಕ್ಯಾರೆಟ್ ಹೋಳು ಇಡು. ತಿನ್ನದೆ ಉಳಿದವನ್ನು ರಾತ್ರಿ ಪೆಟ್ಟಿಗೆಯಲ್ಲಿ ಬಿಡಬೇಡ, ಹಸಿದರೆ ಅವೇ ಹಲ್ಲಿಯನ್ನು ಕಚ್ಚುತ್ತವೆ. ಹಿಟ್ಟಿನ ಹುಳುವಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳವಣಿಗೆ ನಿಧಾನವಾಗಿ ವಾರಗಟ್ಟಲೆ ಇರುತ್ತದೆ, ಹಿಮ ಬಿದ್ದು ಅಂಚೆ ನಿಂತ ವಾರಕ್ಕೆ ಅದೇ ಆಪದ್ಧನ. ಅದರ ದೊಡ್ಡಣ್ಣನಂತೆ ಕಾಣುವ ಸೂಪರ್‌ವರ್ಮನ್ನು ಮಾತ್ರ ಫ್ರಿಜ್ಜಿಗೆ ಹಾಕಬೇಡ, ಸಾಯುತ್ತದೆ. ಕಪ್ಪು ಸೈನಿಕ ನೊಣದ ಮರಿಯಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಮ್ಮೇ ಹೆಚ್ಚು, ಆಗಾಗ ಕೊಡು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಫಾರ್ಮು, ಒಂದೇ ಜಾತಿಯ ಮೇಲೆ ಕೂರಬೇಡ. ಹಲ್ಲಿಗೂ ಹಟ ಇರುತ್ತದೆ. ವರ್ಷಗಟ್ಟಲೆ ಒಂದೇ ಹುಳು ತಿಂದ ಹಲ್ಲಿ ಅದು ಸಿಗದ ವಾರ ಬೇರೆಯದನ್ನು ಮೂಸಿಯೂ ನೋಡದೆ ಇರಬಹುದು. ಮರಿಯಾಗಿರುವಾಗಲೇ ಮೂರು ನಾಲ್ಕು ಬಗೆ ರೂಢಿ ಮಾಡಿಸು.

ಅಮ್ಮ ವಿಡಿಯೊ ಕಾಲಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡು, "ಒಂದು ಹಲ್ಲಿಗೋಸ್ಕರ ಎಷ್ಟು ಜೀವ ತೆಗೀತೀರೇ?" ಎಂದು ಕೇಳಿದರು. ಲೆಕ್ಕ ಹಾಕಿದೆ. ವಾರಕ್ಕೆ 25, ವರ್ಷಕ್ಕೆ 1300, ಹದಿನೈದು ವರ್ಷಕ್ಕೆ 19,500. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ. ಅಮ್ಮನ ಬೀರುವಿನಲ್ಲಿ ಹನ್ನೊಂದು ರೇಷ್ಮೆ ಸೀರೆಗಳಿವೆ, ಒಂದೊಂದಕ್ಕೂ ಸಾವಿರಾರು ಗೂಡನ್ನು ಹುಳುವಿರುವಾಗಲೇ ಬೇಯಿಸಿರುತ್ತಾರೆ. ಆ ಮಾತನ್ನು ನಾನು ಎತ್ತಲಿಲ್ಲ. ಹುಡುಗ ಮಾತ್ರ 19,500 ಎಂದು ಒಂದು ಕಾಗದದಲ್ಲಿ ಬರೆದು ಪೆಟ್ಟಿಗೆಯ ಪಕ್ಕ ಅಂಟಿಸಿದ್ದಾನಂತೆ. ಚಿಮ್ಮಂಡೆಗಳಿಗೆ ಕ್ಯಾರೆಟ್ ಹಾಕುವುದು ಈಗ ಅವನದೇ ಕೆಲಸ, ಅಕ್ಕ ನೆನಪಿಸಬೇಕಾಗಿಲ್ಲವಂತೆ.

ನಾಲ್ಕನೇ ಬಗೆಯಾಗಿ ಅಕ್ಕ ಆರಿಸಿದ್ದು ರೇಷ್ಮೆ ಹುಳು. ಅಲ್ಲಿ ಅದೂ ಹಲ್ಲಿಯ ಊಟವಾಗಿ ಅಂಚೆಯಲ್ಲಿ ಬರುತ್ತದೆ. ಕೊಬ್ಬು ಕಡಿಮೆ, ಮೆತ್ತಗಿನ ಮೈ. ಜೊತೆಗೆ ಹಿಪ್ಪುನೇರಳೆ ಎಲೆಯ ಪುಡಿ ಸೇರಿಸಿದ ಒಣ ಹಿಟ್ಟು, ನೀರಿನಲ್ಲಿ ಕಲಸಿ ಬೇಯಿಸಿ ಹಲ್ವದಂತೆ ಕತ್ತರಿಸಿ ಹಾಕುವುದು. ಮೊನ್ನೆ ಫೋಟೊ ಕಳಿಸಿದ್ದಳು: ಹುಳುಗಳೆಲ್ಲ ತಿನ್ನುವುದು ಬಿಟ್ಟು ತಲೆಯೆತ್ತಿ ಕಲ್ಲಿನಂತೆ ನಿಂತಿವೆ, ಇವಕ್ಕೂ ವೈರಸ್ ಬಂತಾ? ಜ್ವರಕ್ಕೆ ಹೋಗಿವೆ, ಪೊರೆ ಬಿಡುತ್ತವೆ, ಒಂದು ದಿನ ಮುಟ್ಟಬೇಡ ಎಂದು ಬರೆದೆ. ಮರುದಿನ ಸಂಜೆ ಇನ್ನೊಂದು ಫೋಟೊ ಬಂತು. ಹುಳುಗಳು ಮತ್ತೆ ಹಿಟ್ಟಿಗೆ ಬಾಯಿ ಹಾಕಿದ್ದವು, ಅವುಗಳ ಹಿಂದೆ ಸುಕ್ಕಾದ ಪೊರೆ ಬಿದ್ದಿತ್ತು.